ನನ್ನ ಆರನೆಯ ತಂದೆಯ ಹೆಸರು ಕೇಳಿದ ಕಾವಲುಗಾರರಿಗೆ

ಮಾನ್ಯ ಕರೂಲ್ ಅವರೇ,

ಕೊಚ್ಕೊರಿನಿಂದ ಬುರುಲ್ಚಾ ಮಾಡುವ ನಮಸ್ಕಾರಗಳು. ತಾವು ಆರೋಗ್ಯವೇ? ಕುರಿ ಕುದುರೆ ಸೌಖ್ಯವೇ? ಮನೆಮಂದಿ, ಮಕ್ಕಳುಮರಿ ಚೆನ್ನಾಗಿದ್ದಾರೆಯೇ? ಈ ಸಲ ರಾಜಧಾನಿ ಬಿಶ್ಕೆಕಿನಲ್ಲಿ ಸೆಕೆ ವಿಪರೀತವಂತೆ. ತಮ್ಮನ್ನು ಇರಿಸಿರುವ ಕೋಣೆಯಲ್ಲಿ ಗಾಳಿ ಆಡುತ್ತದೆಯೇ, ತಂಪು ಯಂತ್ರ ಕೈಕೊಟ್ಟಿಲ್ಲ ತಾನೇ? ತಾವು ವಿಶ್ವವಿದ್ಯಾಲಯವೊಂದರ ಪ್ರವೇಶ ವಿಭಾಗದ ಕಂಪ್ಯೂಟರ್ ವ್ಯವಸ್ಥೆಯೆಂದೂ, ತಮಗೆ ಕುರಿಯಾಗಲಿ ಕುದುರೆಯಾಗಲಿ ಇರುವ ಸಂಭವ ಕಡಿಮೆಯೆಂದೂ ನನಗೆ ಗೊತ್ತು. ಆದರೆ ಜಾನುವಾರು ವಿಚಾರಿಸದೆ ನೇರವಾಗಿ ಜಗಳಕ್ಕೆ ಇಳಿಯುವುದು ನಮ್ಮ ಕಡೆ ಮರ್ಯಾದೆಯಲ್ಲ, ನನ್ನ ಅತ್ತೆಯವರು ಈ ಪತ್ರವನ್ನು ಹೇಗೂ ಓದಿಯೇ ಓದುತ್ತಾರೆ, ಆದ್ದರಿಂದ ಕೇಳಿದ್ದೇನೆ. ಇದು ಬಹಿರಂಗ ಪತ್ರವಾದ್ದರಿಂದ ವಿಶ್ವವಿದ್ಯಾಲಯದ ಹೆಸರನ್ನು ಬರೆದಿಲ್ಲ. ತಮಗೆ ಅದು ಗೊತ್ತಿದೆ, ನನಗೂ ಗೊತ್ತಿದೆ, ಅಷ್ಟಾದರೂ ನಮ್ಮಿಬ್ಬರ ನಡುವೆ ಗುಟ್ಟಾಗಿ ಉಳಿಯಲಿ.

ಕಳೆದ ಮಂಗಳವಾರ ತಾವು ನನಗೊಂದು ನೋಟೀಸು ಕಳಿಸಿದ್ದೀರಿ. ಮಾಹಿತಿ ಭದ್ರತೆಯ ಸ್ನಾತಕೋತ್ತರ ಪದವಿಗೆ ನನಗೆ ಸಿಕ್ಕಿದ್ದ ಸೀಟನ್ನು ತಡೆಹಿಡಿಯಲಾಗಿದೆ, ಏಕೆಂದರೆ ನಾನು ನನ್ನ ಗುಪ್ತ ಉತ್ತರವನ್ನು ಪರರಿಗೆ ತಿಳಿಸಿ ಮಾಹಿತಿ ಭದ್ರತೆಯ ಮೊದಲ ನಿಯಮವನ್ನೇ ಮುರಿದಿದ್ದೇನೆ, ಏಳು ದಿನಗಳೊಳಗೆ ಲಿಖಿತ ವಿವರಣೆ ಕೊಡದಿದ್ದರೆ ಸೀಟು ಪಟ್ಟಿಯಲ್ಲಿ ನನ್ನ ಕೆಳಗಿರುವವರಿಗೆ ಹೋಗುತ್ತದೆ ಎಂದು ಅದರಲ್ಲಿದೆ. ಇರುವುದೇ ನಾಲ್ಕು ಸರ್ಕಾರಿ ಸೀಟು, ಅದರಲ್ಲೊಂದು ನನ್ನದು. ಇಂದು ಐದನೆಯ ದಿನ. ಹೀಗಾಗಿ, ಮಾನ್ಯರೇ, ಇದೇ ಆ ವಿವರಣೆ; ಸ್ವಲ್ಪ ಉದ್ದವಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಮೊದಲಿಗೆ ತಮ್ಮನ್ನು ಹೊಗಳದೆ ಮುಂದೆ ಹೋದರೆ ನನ್ನ ನಾಲಿಗೆಗೆ ಒಳ್ಳೆಯದಾಗುವುದಿಲ್ಲ. ತಮ್ಮನ್ನು ಅದೇ ವಿಭಾಗದ ವಿದ್ಯಾರ್ಥಿಗಳೇ ತಯಾರಿಸಿದರೆಂದೂ, ಕಾವಲುಗಾರನೆಂಬ ಅರ್ಥದ ಹೆಸರಿಟ್ಟರೆಂದೂ, ಆ ಕೆಲಸಕ್ಕೆ ಅವರಿಗೆ ಪದವಿಯ ಜೊತೆಗೆ ಬಹುಮಾನವೂ ಬಂತೆಂದೂ ತಮ್ಮ ಮುಖಪುಟದಲ್ಲೇ ಓದಿದ್ದೇನೆ. ಬೇರೆ ಕಡೆಯ ಕಾವಲುಗಾರರು ಬಾಗಿಲು ತೆಗೆಯುವ ಮುನ್ನ ನಿಮ್ಮ ಮೊದಲ ನಾಯಿಯ ಹೆಸರೇನು, ಇಷ್ಟದ ಬಣ್ಣ ಯಾವುದು ಎಂಬ ಮಕ್ಕಳಾಟದ ಪ್ರಶ್ನೆ ಕೇಳುತ್ತಾರಂತೆ. ತಾವು ಹಾಗಲ್ಲ. ಕಿರ್ಗಿಜ್ ಮನುಷ್ಯ ಎಂದೂ ಮರೆಯದ ಸಂಗತಿ ಯಾವುದು ಎಂದು ಯೋಚಿಸಿ ಯೋಚಿಸಿ, ಅವನ ಏಳು ತಂದೆಯರ, ಅಂದರೆ ಅಪ್ಪನಿಂದ ಮೇಲಕ್ಕೆ ಏಳು ತಲೆಮಾರಿನ ಹಿರಿಯರ ಹೆಸರನ್ನೇ ಬೀಗದ ಕೈ ಮಾಡಿಬಿಟ್ಟಿರಿ. ಪಾಸ್‌ಪೋರ್ಟಿನ ಸಂಖ್ಯೆ ಹೇಳಬೇಕು, ಜೊತೆಗೆ ತಾವು ಕೇಳಿದ ತಲೆಮಾರಿನ ತಂದೆಯ ಹೆಸರು ಹೇಳಬೇಕು, ಬಾಗಿಲು ತೆರೆಯುತ್ತದೆ. ನನ್ನ ಪಾಲಿಗೆ ಆರನೆಯವರು ಬಂದರು. ನಿಜಕ್ಕೂ ಇದನ್ನು ನಮ್ಮಲ್ಲಿ ಯಾರೂ ಮರೆಯುವುದಿಲ್ಲ, ಆ ಮಟ್ಟಿಗೆ ತಮ್ಮ ಲೆಕ್ಕಾಚಾರದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ.

ತೊಂದರೆ ಏನೆಂದರೆ, ಮಾನ್ಯರೇ, ನನ್ನ ಏಳು ತಂದೆಯರನ್ನು ನಾನೊಬ್ಬಳೇ ಅಲ್ಲ, ಬೇರೆ ಯಾರೂ ಮರೆಯುವುದಿಲ್ಲ. ಗುಪ್ತ ಉತ್ತರವನ್ನು ಮೊದಲ ಬಾರಿ ಯಾವಾಗ ಬಹಿರಂಗಪಡಿಸಿದಿರಿ ಎಂದು ತಮ್ಮ ನೋಟೀಸಿನ ಜೊತೆಗಿರುವ ನಮೂನೆಯ ಎರಡನೆಯ ಕಲಮು ಕೇಳುತ್ತದೆ. ಉತ್ತರ: ನನ್ನ ಐದನೆಯ ವಯಸ್ಸಿನಲ್ಲಿ, ದೊಡ್ಡ ಮನೆಯ ಔತಣದಲ್ಲಿ, ಸ್ಟೂಲಿನ ಮೇಲೆ ನಿಂತು, ಸುಮಾರು ನಲವತ್ತು ಜನರೆದುರು, ಗಟ್ಟಿಯಾದ ದನಿಯಲ್ಲಿ. ಗಂಡುಮಕ್ಕಳು ಹೇಳಿದರೆ ಸಾಕು ಎನ್ನುತ್ತಿದ್ದ ಕಾಲದಲ್ಲಿ ನನ್ನ ಅಪ್ಪ ಸುಯುನ್‌ಬೆಕ್ ಹಟ ಹಿಡಿದು ನನಗೂ ಕಲಿಸಿದ್ದರು, ಮತ್ತು ತಪ್ಪಿಲ್ಲದೆ ಹೇಳಿದ್ದಕ್ಕೆ ಬೇಯಿಸಿದ ಕುರಿತಲೆಯ ಕಿವಿಯನ್ನು ಹಿರಿಯರು ನನ್ನ ಕೈಗೇ ಕೊಟ್ಟರು. ಆಮೇಲೆ ಈ ಗುಟ್ಟು ಮದುವೆಗಳಲ್ಲಿ, ತಿಥಿಗಳಲ್ಲಿ, ಒಮ್ಮೆ ಟೈರು ಪಂಕ್ಚರಾದ ಬಸ್ಸಿನಲ್ಲಿ ಸಹಪ್ರಯಾಣಿಕರ ಮುಂದೆಯೂ ಹೊರಬಿದ್ದಿದೆ. ಹೆಣ್ಣು ನೋಡಲು ಬರುವವರು ಎರಡೂ ಕಡೆಯ ಏಳು ತಲೆಮಾರು ಎಲ್ಲಾದರೂ ಕೂಡಿಕೊಂಡಿದೆಯೇ ಎಂದು ಜಾಲಾಡದೆ ಚಹಾ ಲೋಟ ಮುಟ್ಟುವುದಿಲ್ಲ. ಇದು ಸಾಲದೆಂಬಂತೆ ನನ್ನ ಚಿಕ್ಕಪ್ಪ ಜುಮಾದಿಲ್ ಪ್ರತಿ ಹೊಸ ವರ್ಷಕ್ಕೆ ನಮ್ಮ ವಂಶವೃಕ್ಷವನ್ನು ಗೋಡೆ ಕ್ಯಾಲೆಂಡರಿನ ಕೆಳಗೆ ಸಣ್ಣಕ್ಷರದಲ್ಲಿ ಅಚ್ಚು ಹಾಕಿಸಿ ಮುನ್ನೂರು ಪ್ರತಿ ಹಂಚುತ್ತಾರೆ. ಕ್ಷೌರದಂಗಡಿಯಲ್ಲೂ ಒಂದಿದೆ.

ಈ ಚಿಕ್ಕಪ್ಪನ ಬಗ್ಗೆ ತಮಗೆ ಇನ್ನಷ್ಟು ಹೇಳಬೇಕು, ಏಕೆಂದರೆ ನನ್ನ ಹೆಸರಿನಲ್ಲಿ ತಮಗೆ ಅರ್ಜಿ ಹಾಕಿದವರೇ ಅವರು. ಅಪ್ಪ ತೀರಿಕೊಂಡ ಮೇಲೆ ನನ್ನ ಬದುಕಿನ ತೀರ್ಮಾನಗಳನ್ನು ಅವರು ಪ್ರೀತಿಯಿಂದ ವಹಿಸಿಕೊಂಡರು. ನಾನು ಕುರಿ ಸಾಕಣೆಯ ಶಾಸ್ತ್ರ ಓದಬೇಕೆಂದು ತೀರ್ಮಾನಿಸಿದ್ದು ಅವರು, ಓದಿದೆ. ಎರ್ಮೆಕ್ ಒಳ್ಳೆಯ ಹುಡುಗ ಎಂದು ತೀರ್ಮಾನಿಸಿದ್ದು ಅವರು ಮತ್ತು ನನ್ನ ಅತ್ತೆ ಸೇರಿ, ಮದುವೆಯಾದೆ. ಹುಡುಗ ಒಳ್ಳೆಯವನೇ ಆಗಿದ್ದು ನನ್ನ ಪುಣ್ಯ. ಹಾಲಿನ ಕಾರ್ಖಾನೆಯಲ್ಲಿ ಹಸುಗಳ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿಸಿದ್ದೂ ಅವರೇ. ಅಲ್ಲಿ ಒಂದು ದಿನ ಕಂಪ್ಯೂಟರ್ ಕೆಟ್ಟು ನಿಂತಾಗ ಅದರ ಪೆಟ್ಟಿಗೆ ಬಿಚ್ಚುವ ಧೈರ್ಯ ನನ್ನೊಬ್ಬಳಿಗೇ ಇತ್ತಾದ್ದರಿಂದ ಕಳೆದ ಹನ್ನೊಂದು ವರ್ಷಗಳಿಂದ ಕಾರ್ಖಾನೆಯ ಕಂಪ್ಯೂಟರುಗಳನ್ನೂ ಅವುಗಳೊಳಗೆ ನುಗ್ಗಲು ಬರುವ ಕಳ್ಳರನ್ನೂ ನೋಡಿಕೊಳ್ಳುತ್ತಿದ್ದೇನೆ. ಈ ವಸಂತದಲ್ಲಿ ಚಿಕ್ಕಪ್ಪ ಫೋನು ಮಾಡಿ, "ಏ ಬುರುಲ್, ನಿನ್ ಹೆಸ್ರು ಹಾಕಿದೀನಿ ಕಣೆ, ಎಲ್ಲಾ ಕಲಮೂ ತುಂಬಿ ಆಯ್ತು, ನೀನು ಬಂದು ಪರೀಕ್ಷೆ ಬರ್ದು ಹೋಗು ಅಷ್ಟೇ" ಎಂದರು. ಬಂದು ಬರೆದು ಹೋದೆ. ಎರಡನೆಯವಳಾಗಿ ಪಾಸಾದೆ.

ಆಮೇಲೆ, ತಮ್ಮ ನೋಟೀಸಿಗೆ ಹಿಂದಿನ ವಾರದ ಸೋಮವಾರ, ತಮ್ಮ ಸಂದೇಶ ಬಂತು. "ನಿಮಗೆ ಈ ಸೀಟು ಬೇಕೇ? ಬೇಕು, ಬೇಡ, ಎರಡರಲ್ಲಿ ಒಂದನ್ನು ಒತ್ತಿ. ಶುಕ್ರವಾರ ಸಂಜೆ ಐದರವರೆಗೆ ಎಷ್ಟು ಸಲ ಬೇಕಾದರೂ ಮನಸ್ಸು ಬದಲಿಸಬಹುದು." ಮಾನ್ಯರೇ, ತಮಗೆ ಇದು ದಿನಕ್ಕೆ ಸಾವಿರ ಸಲ ಕಳಿಸುವ ಸಂದೇಶವಿರಬಹುದು. ನಾನು ಮೊಸರಿನ ಡಬ್ಬಗಳ ನಡುವೆ ನಿಂತು ಅದನ್ನು ಮೂರು ಸಲ ಓದಿದೆ. ನನಗೀಗ ಮೂವತ್ತಾರು ವರ್ಷ. ಇಷ್ಟು ವರ್ಷಗಳಲ್ಲಿ ನಿನಗೆ ಬೇಕೇ ಎಂದು ನನ್ನನ್ನು ಕೇಳಿ, ಬೇಡ ಎನ್ನುವುದಕ್ಕೂ ಒಂದು ಗುಂಡಿ ಇಟ್ಟುಕೊಟ್ಟವರು ತಾವೊಬ್ಬರೇ. ನನಗೆ ಅಳು ಬಂತು ಎಂದು ಇಲ್ಲಿ ಬರೆಯಲು ನಾಚಿಕೆಯಿಲ್ಲ. ಅದಕ್ಕಾಗಿಯೇ ತಕ್ಷಣ ಯಾವುದನ್ನೂ ಒತ್ತದೆ, ನಾಲ್ಕು ದಿನ ಪೂರ್ತಿ ಯೋಚಿಸುವ ಸುಖವನ್ನು ಅನುಭವಿಸೋಣವೆಂದು ಮನೆಗೆ ಬಂದು ಫೋನನ್ನು ಊಟದ ಹಾಸಿನ ಮೇಲಿಟ್ಟು ಚಹಾ ಕಾಯಿಸಲು ಹೋದೆ. ತಪ್ಪಾಗಿದ್ದು ಅಲ್ಲಿ.

ಅತ್ತೆ ಸಾಲ್ಕಿನ್ ಅವರು ಕನ್ನಡಕ ಏರಿಸಿ ತಮ್ಮ ಸಂದೇಶವನ್ನು ಮನೆಗೆಲ್ಲ ಕೇಳುವಂತೆ ಓದಿದರು. ಓದಿ ಮುಗಿಸಿ ಅವರು ಹೇಳಿದ ಮಾತುಗಳನ್ನು, ಈ ಪದವಿಯ ವಿರುದ್ಧ ನಾನು ಕೇಳಿದ ಅತ್ಯಂತ ಬಲವಾದ ವಾದವೆಂಬ ಕಾರಣಕ್ಕೆ, ಇದ್ದ ಹಾಗೇ ಕೊಡುತ್ತೇನೆ: "ಅಲ್ವೇ ಸೊಸೆ, ಈ ವಯಸ್ಸಲ್ಲಿ ಚೀಲ ನೇತು ಹಾಕ್ಕೊಂಡು ಸ್ಕೂಲಿಗೆ ಹೋಗ್ತೀಯಾ? ಶುಕ್ರವಾರ ಶನಿವಾರ ನೀನು ಬಿಶ್ಕೆಕಲ್ಲಿದ್ರೆ ನಮ್ಮನೆಗೆ ಬರೋ ನೆಂಟ್ರಿಗೆ ಯಾರು ನಾದ್ತಾರೆ ಹಿಟ್ಟು, ಆ ಕಂಪ್ಯೂಟರ್ರಾ? ಕಳ್ಳರನ್ನ ಹಿಡಿಯೋಕೆ ಪೊಲೀಸ್ರು ಇದಾರೆ, ಅವರಿಲ್ದಿದ್ರೆ ನಾಯಿ ಇದೆ. ಪಕ್ಕದ್ಮನೆಯೋಳ ತಮ್ಮ ಇದೇ ಓದು ಓದ್ದ, ಈಗ ದೊರ್ದೊಯ್ ಬಜಾರಲ್ಲಿ ಫೋನಿಗೆ ಚೀಲ ಮಾರ್ತಾನೆ. ಹನ್ನೊಂದ್ ವರ್ಷ ಓದದೇನೇ ಮಾಡಿದೀಯಲ್ಲ, ಈಗೇನು ಹೊಸದಾಗಿ ಕಲಿಯೋದು ಮಣ್ಣು?" ಇದರಲ್ಲಿ ಕೊನೆಯ ಪ್ರಶ್ನೆ ನನಗೆ ನಾಟಿತು. ಹಿಟ್ಟಿನ ವಿಷಯವೂ ಸುಳ್ಳಲ್ಲ. ಗಂಡ ಎರ್ಮೆಕ್, ಕೊಚ್ಕೊರ್‌ ಬಿಶ್ಕೆಕ್ ನಡುವೆ ಬಾಡಿಗೆ ಕಾರು ಓಡಿಸುವವರು, ಬ್ರೆಡ್ಡಿಗೆ ಕೆನೆ ಹಚ್ಚುತ್ತ "ನಿನ್ನಿಷ್ಟ ಕಣೆ" ಎಂದಷ್ಟೇ ಹೇಳಿದರು. ಈ ಎರಡು ಪದವನ್ನು ಗಂಡಸರು ಹೇಳಿದಾಗ ಅದರ ಅರ್ಥ ಹುಡುಕಲು ಇನ್ನೊಂದು ಪದವಿ ಬೇಕು.

ಪದವಿಯ ಪರವಾಗಿದ್ದ ವಾದ ಒಂದೇ ಒಂದು, ಅದು ಕಾರ್ಖಾನೆಯ ನಿರ್ದೇಶಕರಾದ ಕಾಚ್ಕಿನ್‌ಬಾಯ್ ಅವರ ಕೋಣೆಯಲ್ಲಿತ್ತು. ಅವರು ತಮ್ಮ ಪಾಸ್‌ವರ್ಡನ್ನು ಹಳದಿ ಚೀಟಿಯಲ್ಲಿ ಬರೆದು ಕಂಪ್ಯೂಟರಿನ ಹಣೆಗೆ ಅಂಟಿಸಿಕೊಂಡಿದ್ದರು. ತೆಗೆಯಿರಿ ಎಂದು ಆರು ವರ್ಷ ಬೇಡಿದೆ. ಪ್ರತಿ ಸಲವೂ, "ಬುರುಲ್ಚಾ, ನೀನು ಕುರಿ ಓದಿದೋಳು, ನಿಂಗ್ಯಾಕಮ್ಮ ಇದೆಲ್ಲ" ಎಂದು ನಕ್ಕು ನನಗೆ ಮಿಠಾಯಿ ಕೊಟ್ಟು ಕಳಿಸುತ್ತಿದ್ದರು. ಹೋದ ಚಳಿಗಾಲದಲ್ಲಿ ರಾಜಧಾನಿಯಿಂದ ತಪಾಸಣೆಗೆ ಬಂದ ಇಪ್ಪತ್ತನಾಲ್ಕರ ಯುವಕರೊಬ್ಬರು, ಕೋಟಿನ ಜೇಬಿನ ಮೇಲೆ ತಮ್ಮ ವಿಭಾಗದ ಪದವೀಧರರಿಗೆ ಕೊಡುವ ಬಿಲ್ಲೆ ಧರಿಸಿದ್ದವರು, ಬಾಗಿಲಲ್ಲಿ ನಿಂತುಕೊಂಡೇ "ಆ ಚೀಟಿ ತೆಗೀರಿ" ಎಂದರು. ಕಾಚ್ಕಿನ್‌ಬಾಯ್ ಎದ್ದು ನಿಂತು ತೆಗೆದರು. ಅಷ್ಟೇ ಅಲ್ಲ, ಚೀಟಿಯನ್ನು ಹರಿದು ಒಲೆಗೆ ಹಾಕಿದರು. ನಾನು ಅಲ್ಲೇ ಇದ್ದೆ, ಆ ಯುವಕರಿಗೆ ಚಹಾ ಕೊಡಲು ತಟ್ಟೆ ಹಿಡಿದು. ಹೊಟ್ಟೆ ಉರಿಯಿತು ಮಾನ್ಯರೇ, ಚೆನ್ನಾಗಿಯೇ ಉರಿಯಿತು. ಅವರು ಹೇಳಿದ್ದು ನಾನು ಹೇಳಿದ್ದೇ, ಒಂದಕ್ಷರ ಹೆಚ್ಚಿರಲಿಲ್ಲ.

ಹೀಗೆ ನಾನು ಒಂದು ಕಡೆ ಹಿಟ್ಟು, ಇನ್ನೊಂದು ಕಡೆ ಹಳದಿ ಚೀಟಿ ಇಟ್ಟುಕೊಂಡು ಸಾವಧಾನವಾಗಿ ತೂಗುತ್ತಿರುವಾಗಲೇ ಮಂಗಳವಾರ ಬೆಳಿಗ್ಗೆ ತಮ್ಮಿಂದ ಅಭಿನಂದನೆ ಬಂತು: ನೀವು ಸೀಟನ್ನು ಒಪ್ಪಿದ್ದೀರಿ. ಚಿಕ್ಕಪ್ಪನಿಗೆ ಫೋನು ಮಾಡಿದರೆ, "ನೀನು ಯೋಚ್ನೆ ಮಾಡ್ತಾ ಕೂತಿರ್ತೀಯ ಅಂತ ಗೊತ್ತಿತ್ತು, ಅದ್ಕೇ ನಾನೇ ಒತ್ತಿದೆ, ಥ್ಯಾಂಕ್ಸ್ ಎಲ್ಲಾ ಬೇಡ" ಎಂದರು. ಬುಧವಾರ ಬೆಳಗಿನ ಚಹಾ ಹೊತ್ತಿಗೆ ತಮ್ಮಿಂದ ವಿಷಾದ ಬಂತು: ನೀವು ಸೀಟನ್ನು ನಿರಾಕರಿಸಿದ್ದೀರಿ. ಎದುರಿಗೆ ಅತ್ತೆ ತನ್ನದೇ ಫೋನನ್ನು ತೋಳುದ್ದ ದೂರ ಹಿಡಿದು ಕಣ್ಣು ಕಿರಿದು ಮಾಡಿ ಕೂತಿದ್ದರು. "ನಿಂಗೆ ತೊಂದ್ರೆ ಯಾಕೆ ಅಂತ ನಾನೇ ಮುಗಿಸ್ಬಿಟ್ಟೆ. ಆರ್ನೇ ತಂದೆ ಹೆಸ್ರು ಕೇಳ್ತು. ನಂಗೊತ್ತಿಲ್ವಾ? ನಿನ್ನ ಮದ್ವೆಗೆ ಮುಂಚೆ ನಿನ್ನ ಏಳೂ ತಲೆ ತನಿಖೆ ಮಾಡಿದೋಳೇ ನಾನು" ಎಂದು ಹೇಳಿ, ತಮ್ಮ ಬಗ್ಗೆಯೂ ಒಂದು ಮೆಚ್ಚುಗೆಯ ಮಾತು ಸೇರಿಸಿದರು: "ಪಾಪ, ಬಹಳ ಮರ್ಯಾದಸ್ಥ ಮಿಶಿನ್ನು, ವಂಶ ವಿಚಾರಿಸಿ ಮಾತಾಡ್ಸುತ್ತೆ."

ಮಧ್ಯಾಹ್ನ ಅಭಿನಂದನೆ, ಮೂರು ಗಂಟೆಗೆ ವಿಷಾದ. ಸಂಜೆ ಮತ್ತೆ ಅಭಿನಂದನೆ ಬಂದಾಗ ಚಿಕ್ಕಪ್ಪ ತಾನಲ್ಲವೆಂದು ಆಣೆ ಮಾಡಿದರು, ಅತ್ತೆಯಂತೂ ಅವಮಾನವಾದವರ ಹಾಗೆ ನೋಡಿದರು. ಒತ್ತಿದವರು ಕಾಚ್ಕಿನ್‌ಬಾಯ್. ನನ್ನ ಪಾಸ್‌ಪೋರ್ಟಿನ ಸಂಖ್ಯೆ ಅವರ ಕಡತದಲ್ಲಿದೆ, ನನ್ನ ಆರನೆಯ ತಂದೆ ಅವರ ಗೋಡೆಯ ಕ್ಯಾಲೆಂಡರಿನಲ್ಲಿದ್ದಾರೆ. "ಪದವಿ ಇರೋರು ಒಬ್ರು ಬೇಕು ಅಂತ ಮೇಲಿಂದ ಪತ್ರ ಬಂದಿದೆ ಕಣಮ್ಮ, ನಿಂಗೊಂದು ಉಪಕಾರ ಆಗ್ಲಿ ಅಂತ" ಎಂದರು. ವಾರಕ್ಕೆರಡು ದಿನ ನಾನು ರಜೆ ಹಾಕಬೇಕಾಗುತ್ತದೆ ಎಂದು ತಿಳಿದಾಗ ಗುರುವಾರ ಒಂಬತ್ತಕ್ಕೆ ಆ ಉಪಕಾರವನ್ನು ಹಿಂದಕ್ಕೆ ಪಡೆದರು. ಹತ್ತಕ್ಕೆ ಚಿಕ್ಕಪ್ಪ ಮತ್ತೆ ಅಭಿನಂದಿಸಿದರು. ಮಾನ್ಯರೇ, ಇಷ್ಟೂ ಹೊತ್ತು ನಾನು ಯೋಚಿಸುತ್ತಲೇ ಇದ್ದೆ.

ಇನ್ನು ತಡೆಯಲಾಗದು, ಒಪ್ಪುವುದೋ ಬಿಡುವುದೋ ನನ್ನ ಕೈಯಿಂದಲೇ ಆಗಲಿ ಎಂದು ಹನ್ನೊಂದು ಗಂಟೆಗೆ ನಾನು ಮೊದಲ ಬಾರಿಗೆ ತಮ್ಮ ಬಾಗಿಲಿಗೆ ಬಂದೆ. ಆರನೆಯ ತಂದೆಯ ಹೆಸರು ಕೇಳಿದಿರಿ. ಚುನಾಕ್ ಎಂದೆ. ತಪ್ಪು ಎಂದಿರಿ. ಅಕ್ಷರ ತಪ್ಪಿರಬೇಕೆಂದು ನಿಧಾನವಾಗಿ ಇನ್ನೊಮ್ಮೆ ಬರೆದೆ. ತಪ್ಪು. ಬೇರೆ ಲಿಪಿಯ ಕೀಲಿಮಣೆಯಲ್ಲಿ ಒತ್ತಿದೆನೇನೋ ಎಂದು ಅದನ್ನೂ ಸರಿಮಾಡಿ ಮೂರನೆಯ ಸಲ ಬರೆದೆ. ಆಗ ತಾವು ಕೆಂಪಾಗಿ, ನನ್ನನ್ನು "ಅನುಮಾನಾಸ್ಪದ ವ್ಯಕ್ತಿ" ಎಂದು ಕರೆದು, ನಿಜವಾದ ಬುರುಲ್ಚಾ ಅವರ ಹಿತರಕ್ಷಣೆಗಾಗಿ ನನ್ನ ಫೋನನ್ನು ಒಂದು ದಿನ ಹೊರಗಿಟ್ಟಿರಿ. ನಿಜವಾದ ಬುರುಲ್ಚಾಳ ಪರವಾಗಿ ನಾನು ತಮಗೆ ಕೃತಜ್ಞಳು. ಚಿಕ್ಕಪ್ಪ ಬರಬಹುದು, ಅತ್ತೆ ಬರಬಹುದು, ಮೊಸರು ಕಾರ್ಖಾನೆಯ ಯಜಮಾನರು ಬೆಣ್ಣೆ ಹಚ್ಚಿದ ಕೈಯಲ್ಲಿ ಬರಬಹುದು. ಇಡೀ ಕೊಚ್ಕೊರಿನಲ್ಲಿ ತಾವು ಬಾಗಿಲಲ್ಲಿ ತಡೆದದ್ದು ನನ್ನೊಬ್ಬಳನ್ನೇ. ಇಂಥ ಕಾವಲು ಎಲ್ಲರಿಗೂ ಸಿಗುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಅಡುಗೆಮನೆಯ ಕ್ಯಾಲೆಂಡರನ್ನು ಮೊಳೆಯಿಂದ ಕೆಳಗಿಳಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಎಷ್ಟೋ ವರ್ಷಗಳಿಂದ ಅದರಲ್ಲಿ ತಾರೀಕು ನೋಡಿದ್ದೇನೆ, ಕೆಳಗಿನ ಸಣ್ಣಕ್ಷರ ಓದಿರಲಿಲ್ಲ. ಆರನೆಯ ಸ್ಥಾನದಲ್ಲಿ ಚುನಾಕ್ ಇರಲಿಲ್ಲ, ಚೊಂಗ್‌ಬಾಯ್ ಎಂಬ ಮಹನೀಯರು ಕೂತಿದ್ದರು. ಚುನಾಕ್ ಎಂದರೆ ಮೋಟುಗಿವಿಯವನು. ಒಂದು ಕಿವಿ ಹಿಮಕ್ಕೆ ಹೋಯಿತೆಂದು ಒಂದು ಕಥೆ, ಕದ್ದ ಕುದುರೆಗಾಗಿ ಹೋಯಿತೆಂದು ಇನ್ನೊಂದು ಕಥೆ. ಚೊಂಗ್‌ಬಾಯ್ ಎಂದರೆ ಭಾರಿ ಸಿರಿವಂತ. ಫೋನಿನಲ್ಲಿ ಚಿಕ್ಕಪ್ಪ ಸ್ವಲ್ಪವೂ ಹಿಂಜರಿಯಲಿಲ್ಲ: "ಮದ್ವೆ ಮಾತಾಡೋವಾಗ ಮೋಟುಗಿವಿ ಅಂತ ಹೇಳೋಕಾಗುತ್ತೇನೆ? ಅಚ್ಚು ಹಾಕ್ಸೋವಾಗ ಸ್ವಲ್ಪ ರಿಪೇರಿ ಮಾಡ್ದೆ. ನಿಮ್ಮಪ್ಪಂಗೆ ಅದೊಂದು ಹುಚ್ಚು, ಇದ್ದದ್ದು ಇದ್ದ ಹಾಗೇ ಹೇಳು ಅಂತ." ಅರ್ಜಿ ತುಂಬಿದ್ದು ಅವರಾದ್ದರಿಂದ ರಿಪೇರಿಯಾದ ಅಜ್ಜನೇ ತಮ್ಮಲ್ಲಿಗೆ ಬಂದಿದ್ದಾನೆ. ಆದ್ದರಿಂದ ಪರಿಸ್ಥಿತಿ ಹೀಗಿದೆ: ಊರಿಗೆಲ್ಲ ಗೊತ್ತಿದ್ದ ನನ್ನ ಗುಟ್ಟು ಸುಳ್ಳು, ಕ್ಯಾಲೆಂಡರು ಬಂದ ಮೇಲೆ ನಿಜವಾದದ್ದು ನನ್ನ ಬಳಿ ಮಾತ್ರ ಭದ್ರವಾಗಿ ಉಳಿದಿತ್ತು, ನಿಜ ಹೇಳಿದ್ದಕ್ಕೆ ತಾವು ನನ್ನನ್ನು ಒಳಗೆ ಬಿಡಲಿಲ್ಲ. ಈ ಪತ್ರದಲ್ಲಿ ಅದನ್ನೂ ಬಹಿರಂಗ ಮಾಡಿದ್ದೇನೆ, ಚಿಕ್ಕಪ್ಪ ಮೂರು ತಿಂಗಳು ನನ್ನೊಂದಿಗೆ ಮಾತು ಬಿಡುತ್ತಾರೆ.

ಅಂದು ಸಂಜೆ ನಾಲ್ಕು ನಲವತ್ತಕ್ಕೆ ನಾನು ಚೊಂಗ್‌ಬಾಯ್ ಎಂದು ಬರೆದೆ. ಅಪ್ಪನ ಮುಖ ಕಣ್ಣಿಗೆ ಬಂದು ನಾಚಿಕೆಯಾಯಿತು, ಆದರೂ ಬರೆದೆ. ತಾವು ಹೂಗುಚ್ಛದ ಚಿತ್ರದೊಂದಿಗೆ ಸ್ವಾಗತಿಸಿದಿರಿ. ಅಷ್ಟರಲ್ಲಿ ಚಿಕ್ಕಪ್ಪ ಇನ್ನೊಂದು ಸಲ, ಅತ್ತೆ ಇನ್ನೆರಡು ಸಲ ಒತ್ತಿದ್ದರು, ಕೊನೆಯದಾಗಿ ಅತ್ತೆಯ ಕೃಪೆಯಿಂದ ನಾನು ಸೀಟು ಬೇಡವೆಂದಿದ್ದೆ. ನಾನು "ಬೇಕು" ಒತ್ತಿದೆ. ಒತ್ತಿದ ಮೇಲೆ ನನ್ನ ಫೋನಿನ ಜೊತೆ ಅತ್ತೆಯ ಫೋನನ್ನೂ ಹಿಡಿದುಕೊಂಡೇ ಹಸುವಿನ ಕೊಟ್ಟಿಗೆಗೆ ಹೋಗಿ, ಯಾರ ಕೈಗೂ ಸಿಗದ ಹಾಗೆ ಒಳಗಿನಿಂದ ಚಿಲಕ ಹಾಕಿಕೊಂಡು ಇಪ್ಪತ್ತು ನಿಮಿಷ ನಿಂತೆ. ಹೊರಗಿನಿಂದ ಅತ್ತೆ, "ಅಲ್ಲೇನ್ ಮಾಡ್ತಿದೀಯೇ, ಹಸು ಹೊರಗಿದೆ" ಎಂದು ಕೂಗುತ್ತಿದ್ದರು. ಐದು ಗಂಟೆಯಾಯಿತು, ತಮ್ಮ ಬಾಗಿಲು ಮುಚ್ಚಿತು, ನನ್ನ ಉತ್ತರ ಒಳಗೆ ಉಳಿಯಿತು.

ತಾವು ನೋಟೀಸಿನ ಜೊತೆ ಸಾಕ್ಷಿಗಾಗಿ ಲಗತ್ತಿಸಿದ ಪಟ್ಟಿಯನ್ನು ಓದಿದೆ. ಹನ್ನೆರಡು ಪ್ರವೇಶ, ಐದು ಫೋನು. ಹನ್ನೊಂದರ ಲೆಕ್ಕ ನನಗೆ ಸಿಕ್ಕಿತು. ಉಳಿದ ಒಂದು ಗುರುವಾರ ಮಧ್ಯಾಹ್ನದ್ದು: ಒಳಗೆ ಬಂದವರು ಬೇಕು ಎಂದೂ ಒತ್ತಿಲ್ಲ, ಬೇಡ ಎಂದೂ ಒತ್ತಿಲ್ಲ, ನಲವತ್ತು ನಿಮಿಷ ಇದ್ದು ಹೋಗಿದ್ದಾರೆ. ತಾವು ಅದರ ಎದುರು "ಅತ್ಯಂತ ಅನುಮಾನಾಸ್ಪದ" ಎಂದು ಬರೆದಿದ್ದೀರಿ. ಪಟ್ಟಿಯನ್ನು ಎರ್ಮೆಕ್ ಮುಂದೆ ಇಟ್ಟಾಗ ಅವರ ಕಿವಿ ಕೆಂಪಾಯಿತು. "ಬೂಮ್ ಕಣಿವೆ ಹತ್ರ ಕಾರು ನಿಲ್ಸಿದ್ದೆ, ಗಿರಾಕಿಗಳು ಮೀನು ತಿನ್ನೋಕೆ ಇಳಿದಿದ್ರು. ನಿಂಗೆ ಏನೇನ್ ಕಲಿಸ್ತಾರೆ ಅಂತ ನೋಡ್ತಿದ್ದೆ. ಎರಡು ವರ್ಷ ನಿನ್ನ ಕರ್ಕೊಂಡು ಹೋಗಿ ಬರಬೇಕಲ್ಲ, ದಾರೀಲಿ ಏನಾದ್ರೂ ಮಾತಾಡೋಕೆ ಬೇಕಲ್ವಾ? ಆ ನಾಲ್ಕನೇ ಪಾಠ ಮಾತ್ರ ನಂಗೆ ತಲೆಬುಡ ಗೊತ್ತಾಗ್ಲಿಲ್ಲ" ಎಂದರು. ಒತ್ತಬಹುದಾಗಿದ್ದ ಗುಂಡಿಯನ್ನು ಒತ್ತದೆ ಹೊರಗೆ ಬಂದ ಮನುಷ್ಯ ಈ ಇಡೀ ಪ್ರಕರಣದಲ್ಲಿ ಅವರೊಬ್ಬರೇ. ನನಗೆ ಅವರ ಮೇಲೆ ತುಂಬ ಪ್ರೀತಿ ಉಕ್ಕಿತು. ದಯವಿಟ್ಟು ಆ ಸಾಲಿನ ಎದುರಿನ ತಮ್ಮ ಟಿಪ್ಪಣಿಯನ್ನು ಅಳಿಸಬೇಕು.

ಇನ್ನು ತಮ್ಮ ನಮೂನೆಯ ಉಳಿದ ಕಲಮುಗಳು. ಗುಪ್ತ ಉತ್ತರ ತಿಳಿದಿರುವವರ ಹೆಸರು ಬರೆಯಲು ಮೂರು ಗೆರೆ ಬಿಟ್ಟಿದ್ದೀರಿ. ಸಾಲದ್ದರಿಂದ ಒಂಬತ್ತು ಹಾಳೆ ಪ್ರತ್ಯೇಕ ಲಗತ್ತಿಸಿದ್ದೇನೆ. ಬದುಕಿರುವವರನ್ನು ಊರಿನ ಪ್ರಕಾರವೂ, ತೀರಿಕೊಂಡವರನ್ನು ಹಿರಿತನದ ಪ್ರಕಾರವೂ ತೋರಿಸಿದೆ, ಕ್ಷೌರದಂಗಡಿಯ ಗಿರಾಕಿಗಳನ್ನು ಅಂದಾಜಿನ ಮೇಲೆ. ನಾಲ್ಕನೆಯ ಕಲಮು, ಸೋರಿಕೆಯಾದ ಗುಪ್ತ ಉತ್ತರವನ್ನು ಕೂಡಲೇ ಬದಲಾಯಿಸತಕ್ಕದ್ದು ಎನ್ನುತ್ತದೆ. ನಾನು ಸಿದ್ಧಳಿದ್ದೇನೆ. ಆರನೆಯ ತಂದೆಯನ್ನು ಬದಲಾಯಿಸುವ ಕೌಂಟರ್ ಯಾವ ಮಹಡಿಯಲ್ಲಿದೆ, ಹಳೆಯವರನ್ನು ಹಿಂದಿರುಗಿಸಬೇಕೇ, ಅವರ ಮಕ್ಕಳಾದ ಐದನೆಯ ತಂದೆಯವರ ಒಪ್ಪಿಗೆ ಪತ್ರ ಬೇಕೇ ಎಂದು ತಿಳಿಸಬೇಕು. ಪ್ರತಿ ತೊಂಬತ್ತು ದಿನಕ್ಕೊಮ್ಮೆ ಬದಲಿಸಬೇಕು, ಹಿಂದಿನ ಐದರಲ್ಲಿ ಯಾವುದನ್ನೂ ಮತ್ತೆ ಬಳಸಬಾರದು ಎಂಬ ನಿಯಮವನ್ನು ಪಾಲಿಸಿದರೆ ಪದವಿ ಮುಗಿಯುವ ಹೊತ್ತಿಗೆ ನನ್ನ ಸಂಸಾರಕ್ಕೆ ಎಂಟು ಹೊಸ ಪೂರ್ವಜರು ಸೇರುತ್ತಾರೆ, ಅವರಲ್ಲಿ ಒಬ್ಬರಾದರೂ ಎರ್ಮೆಕ್ ವಂಶಕ್ಕೆ ತಗುಲಿಕೊಂಡರೆ ನನ್ನ ಮದುವೆ ಕೆಡುತ್ತದೆ. ಆ ಜವಾಬ್ದಾರಿ ತಮ್ಮದು.

ಐದನೆಯ ಕಲಮಿಗೆ ಮಾತ್ರ ನಾನು ಸಹಿ ಹಾಕುವುದಿಲ್ಲ. ಈ ಹೆಸರುಗಳನ್ನು ಇನ್ನು 'ನಾನಾಗಲಿ ನನ್ನ ಕುಟುಂಬದವರಾಗಲಿ ಎಲ್ಲಿಯೂ ಉಚ್ಚರಿಸುವುದಿಲ್ಲ' ಎಂದು ಬರೆದುಕೊಡಬೇಕಂತೆ. ನನ್ನ ಮಗಳು ಅಕ್ಮಾರಾಲ್‌ಗೆ ಐದು ವರ್ಷ ತುಂಬಿದೆ. ಬರುವ ಭಾನುವಾರ ಅವಳು ನೆಂಟರೆದುರು ನಿಂತು ಎರ್ಮೆಕ್ ಕಡೆಯ ಏಳು ಜನರನ್ನೂ ಹೇಳುತ್ತಾಳೆ, ಆಮೇಲೆ ನನ್ನ ಕಡೆಯ ಏಳನ್ನೂ ಹೇಳುತ್ತಾಳೆ, ಮೋಟುಗಿವಿಯವನನ್ನು ಸೇರಿಸಿ. ಹೆಸರು ಗಟ್ಟಿಯಾಗಿ ಹೇಳಿ ಕಿವಿ ತುಂಬಿಸುವುದಕ್ಕೇ ಇರುವುದು. ಅದನ್ನು ಬೀಗದ ಕೈ ಮಾಡಿದ್ದು ತಾವು, ನಾವಲ್ಲ. ಮಗುವಿನ ಬಾಯಿಗೆ ಬೀಗ ಹಾಕಿ ನಾನು ಯಾವ ಭದ್ರತೆಯನ್ನೂ ಕಲಿಯಲಾರೆ.

ಕೊನೆಯದಾಗಿ, ಇಷ್ಟೆಲ್ಲ ಆದ ಮೇಲೂ ಈ ಪದವಿ ಓದುವುದರಲ್ಲಿ ಅರ್ಥವಿದೆಯೇ ಎಂಬ ಪ್ರಶ್ನೆ. ತನ್ನ ಬಾಗಿಲನ್ನೇ ಕಾಯಲಾರದ ವಿಭಾಗ ನಿನಗೇನು ಕಲಿಸೀತು ಎಂದು ಅತ್ತೆ ಕೇಳುತ್ತಾರೆ, ಮತ್ತು ತಾನು ನಾಲ್ಕು ಸಲ ಒಳಗೆ ಹೋಗಿ ಬಂದ ಅನುಭವದ ಮೇಲೆ ಕೇಳುತ್ತಾರೆ. ನನ್ನ ಬಳಿ ಇರುವ ಉತ್ತರ ಇಷ್ಟೇ. ಹನ್ನೊಂದು ವರ್ಷ ಊಹೆಯ ಮೇಲೆ ಕೆಲಸ ಮಾಡಿದ್ದೇನೆ. ಕಳ್ಳ ಬಂದದ್ದು ಗೊತ್ತಾಗುತ್ತಿತ್ತು, ಎಲ್ಲಿಂದ, ಹೇಗೆ ಬಂದ ಎಂಬುದು ಎಷ್ಟೋ ಸಲ ಗೊತ್ತಾಗುತ್ತಿರಲಿಲ್ಲ. ಅದನ್ನು ತಿಳಿಯಬೇಕೆಂಬ ಆಸೆ ನನಗಿದೆ, ದೊಡ್ಡ ಆಸೆಯೇ ಇದೆ. ಚೀಟಿ ತೆಗೆಯಿರಿ ಎಂದಾಗ ಮಿಠಾಯಿ ಬದಲು ಉತ್ತರ ಸಿಗಬೇಕೆಂಬ ಆಸೆಯೂ ಇದೆ, ಅದಕ್ಕೆ ತಮ್ಮ ಬಿಲ್ಲೆ ಬೇಕು. ಮತ್ತು ತಮ್ಮ ವಿಭಾಗಕ್ಕೆ, ನೆಂಟರಿಷ್ಟರು ಇರುವ ವಿದ್ಯಾರ್ಥಿನಿ ಒಬ್ಬಳಾದರೂ ತುರ್ತಾಗಿ ಬೇಕು. ಆದ್ದರಿಂದ ಗುಂಡಿ ಬಿಟ್ಟು, ಯಾರೂ ನನ್ನ ಪರವಾಗಿ ಒತ್ತಲಾಗದ ಹಾಗೆ, ನನ್ನ ಅಕ್ಷರದಲ್ಲಿ, ಶಾಯಿಯಲ್ಲಿ, ಈ ಹಾಳೆಯ ಮೇಲೆ ಬರೆಯುತ್ತಿದ್ದೇನೆ: ನನಗೆ ಈ ಸೀಟು ಬೇಕು. ಈ ಪತ್ರವನ್ನು ನಾಳೆ ಎರ್ಮೆಕ್ ಕಾರಿನ ಮುಂದಿನ ಸೀಟಿನಲ್ಲಿ ಕೂತು ನಾನೇ ತಂದು, ತಮ್ಮ ಕಚೇರಿಯಲ್ಲಿ ಕಣ್ಣು ಮೂಗು ಇರುವ ಯಾರಾದರೂ ಸಿಕ್ಕರೆ ಅವರ ಕೈಗೆ ಕೊಡುತ್ತೇನೆ. ನಾನು ಯಾರೆಂದು ಅವರು ಕೇಳಿದರೆ ಬುರುಲ್ಚಾ ಎನ್ನುತ್ತೇನೆ, ಅಷ್ಟು ಸಾಲಬೇಕು.

ತಮ್ಮ ಹುಲ್ಲುಗಾವಲು ಹಸಿರಾಗಿರಲಿ, ತಂಪು ಯಂತ್ರ ನಿಲ್ಲದಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ, ತಾವು ಮಾತ್ರ ವಿಶ್ವಾಸವಿಡದ,
ಬುರುಲ್ಚಾ, ಸುಯುನ್‌ಬೆಕ್ ಮಗಳು
ಕೊಚ್ಕೊರ್

ತಾ.ಕ.: ತಮ್ಮ ವಿಭಾಗದ ಮುಖ್ಯಸ್ಥರಿಗೆ ಅರವತ್ತು ತುಂಬಿದ ಸಂದರ್ಭದಲ್ಲಿ ಹೊರತಂದ ಅಭಿನಂದನಾ ಪುಸ್ತಕ ಇಲ್ಲಿನ ಗ್ರಂಥಾಲಯಕ್ಕೂ ಬಂದಿದೆ. ಮುದ್ರಣ ಸೊಗಸಾಗಿದೆ. ಮೂರನೆಯ ಪುಟದಲ್ಲಿ ಅವರ ಏಳೂ ತಂದೆಯರ ಹೆಸರು ಬಂಗಾರದ ಅಕ್ಷರದಲ್ಲಿದೆ, ಎದುರು ಪುಟದಲ್ಲಿ ಅವರ ಪಾಸ್‌ಪೋರ್ಟಿನ ಚಿತ್ರ ಸಂಖ್ಯೆಯ ಸಮೇತ ಇದೆ. ಅವುಗಳನ್ನು ನಾನು ಬಳಸಿಲ್ಲ, ಬಳಸುವುದೂ ಇಲ್ಲ. ಆದರೆ ನಿನ್ನೆ ಹೋಗಿ ವಿಚಾರಿಸಿದಾಗ ಆ ಪುಸ್ತಕ ಕಪಾಟಿನಲ್ಲಿರಲಿಲ್ಲ. ಎರವಲು ಒಯ್ದವರ ದಾಖಲೆಯಲ್ಲಿ ನನ್ನ ಅತ್ತೆಯವರ ಸಹಿ ಇದೆ.